ಹಳೇ ದೊಡ್ಡ ಕಾರು, ಸಣ್ಣ ಬಜೆಟ್: ನಾಲ್ಕು ವರ್ಷದ ನನ್ನ ಅನುಭವ

ಮೊದಲು ನೋಡಲು ಹೋದ ಕಾರಿನ ಬಾನೆಟ್ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಬೆಳಿಗ್ಗೆ 7 ಗಂಟೆಗೆ ಬರುತ್ತೇನೆ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಫೋನ್ ಮಾಡಿ ಹೇಳಿದ್ದೆ. ಮಾರುವವರು "ಸುಮ್ನೆ ಸ್ವಲ್ಪ ಮುಂದೆ ತಂದು ನಿಲ್ಲಿಸಿದೆ ಅಷ್ಟೇ" ಅಂದರು. ಕಪ್ಪು ಬಣ್ಣ, ಜೇನಿನ ಬಣ್ಣದ ಚರ್ಮದ ಸೀಟು, ಡ್ಯಾಶ್‌ಬೋರ್ಡಿನಲ್ಲಿ ನಿಜವಾದ ಮರ. ಕಣ್ಣು ತೆಗೆಯೋಕೆ ಮನಸ್ಸಾಗದಷ್ಟು ಚೆನ್ನಾಗಿತ್ತು. ಆದರೂ ವಾಪಸ್ ಬಂದೆ.

ರಾತ್ರಿಯೆಲ್ಲ ನಿಂತ ಎಂಜಿನ್ ಸ್ಟಾರ್ಟ್ ಆಗುವ ಮೊದಲ ಹತ್ತು ಸೆಕೆಂಡಿನಲ್ಲಿ ಎಷ್ಟೋ ವಿಷಯ ಗೊತ್ತಾಗುತ್ತದೆ. ಎಂಜಿನ್ ಒಳಗೆ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಟೈಮಿಂಗ್ ಚೈನ್ ಸಡಿಲವಾಗಿದ್ದರೆ ಗರಗರ ಅನ್ನುತ್ತದೆ. ವಾಲ್ವ್ ಸೀಲ್ ಸವೆದಿದ್ದರೆ ನೀಲಿ ಹೊಗೆ ಒಂದು ಸಲ ಬುಸ್ ಅಂತ ಬಂದು ಮಾಯವಾಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ಎರಡೂ ಅಡಗಿಕೊಳ್ಳಬಹುದು. ಮುಂಚೆಯೇ ಬಿಸಿ ಮಾಡಿಟ್ಟವರು ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತಲೇ ನಾನು ಅಂದುಕೊಳ್ಳುತ್ತೇನೆ.

ಹಳೇ ಐಷಾರಾಮಿ ಸೆಡಾನ್ ನನ್ನ ಬಹಳ ದಿನದ ಆಸೆ. ಹೊಸದು ಕೊಳ್ಳುವ ಶಕ್ತಿ ನನಗಿಲ್ಲ. ಆದರೆ ಇಂಥ ಕಾರುಗಳ ಬೆಲೆ ಹದಿನೈದು ವರ್ಷ ಆಗುವ ಹೊತ್ತಿಗೆ ಒಂದು ಸಣ್ಣ ಹೊಸ ಕಾರಿನ ಬೆಲೆಗಿಂತಲೂ ಕೆಳಗೆ ಬಂದಿರುತ್ತದೆ. ಅಲ್ಲೇ ನಾವು ಒಂದು ಮಾತು ನೆನಪಿಡಬೇಕು. ಕಾರಿನ ಬೆಲೆ ಇಳಿದಿದೆ, ಅದರ ಬಿಡಿಭಾಗಗಳ ಬೆಲೆ ಇಳಿದಿಲ್ಲ. ಅದರ ಹೆಡ್‌ಲೈಟ್, ಶಾಕ್ ಅಬ್ಸಾರ್ಬರ್, ಗೇರ್‌ಬಾಕ್ಸ್ ಎಲ್ಲಾ ಇವತ್ತಿಗೂ ದುಬಾರಿ ಕಾರಿನ ಹೆಡ್‌ಲೈಟ್, ಶಾಕ್ ಅಬ್ಸಾರ್ಬರ್, ಗೇರ್‌ಬಾಕ್ಸೇ. ಆನೆ ಕೊಳ್ಳೋದು ಸುಲಭ, ಸಾಕೋದು ಕಷ್ಟ.

ಅದಕ್ಕೇ ನಾನು ಹಾಕಿಕೊಂಡ ಲೆಕ್ಕ ಇದು: ಕೈಯಲ್ಲಿರುವ ದುಡ್ಡಿನಲ್ಲಿ ಅರ್ಧ ಕಾರಿಗೆ, ಇನ್ನರ್ಧ ಮೊದಲ ವರ್ಷದ ರಿಪೇರಿಗೆ. ಆ ಇನ್ನರ್ಧವನ್ನು ಬೇರೆ ಖಾತೆಯಲ್ಲಿ ಇಟ್ಟೆ. ಬಜೆಟ್‌ಗಿಂತ ಸ್ವಲ್ಪ ಜಾಸ್ತಿ ಬೆಲೆಯ ಕಾರು ಮನಸ್ಸಿಗೆ ಬಂದಾಗಲೆಲ್ಲ ಆ ದುಡ್ಡು ನನ್ನನ್ನು ಕರೆಯುತ್ತಿತ್ತು. ಮುಟ್ಟಲಿಲ್ಲ.

ಯಾವ ಕಾರು ಬೇಡ ಅಂತ ಮೊದಲು ತೀರ್ಮಾನ ಮಾಡಿದೆ. ಏರ್ ಸಸ್ಪೆನ್ಷನ್ ಇರುವುದು ಬೇಡ. ಅದರಲ್ಲಿ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ. ವಯಸ್ಸಾದಂತೆ ಮಡಿಕೆ ಬೀಳುವ ಕಡೆ ರಬ್ಬರ್ ಬಿರುಕು ಬಿಡುತ್ತದೆ. ಗಾಳಿ ಸೋರುತ್ತದೆ, ಅದನ್ನು ತುಂಬೋಕೆ ಕಂಪ್ರೆಸರ್ ಪದೇ ಪದೇ ಓಡುತ್ತದೆ, ಕೊನೆಗೆ ಅದೂ ಸುಟ್ಟು ಹೋಗುತ್ತದೆ. ಒಂದು ಚೀಲದ ಖರ್ಚು ಎರಡು ಮೂರು ಖರ್ಚಾಗುತ್ತದೆ. ಅಂಥ ಕಾರೇ ಇಷ್ಟವಾದರೆ ಸಂಜೆ ಒಮ್ಮೆ ಹೋಗಿ ಚಕ್ರದ ಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳತೆ ತೆಗೆದುಕೊಳ್ಳಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮತ್ತೆ ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಬೇರೆ ಪರೀಕ್ಷೆಯೇ ಬೇಡ.

ದೊಡ್ಡ ಎಂಜಿನ್ ಕೂಡ ಬೇಡ ಅಂದುಕೊಂಡೆ. ಕೆಲವು ವಿ12, ಅಂದರೆ ಹನ್ನೆರಡು ಸಿಲಿಂಡರಿನ ಎಂಜಿನ್‌ಗಳಲ್ಲಿ ಒಂದೊಂದು ಸಿಲಿಂಡರಿಗೆ ಎರಡರಂತೆ 24 ಸ್ಪಾರ್ಕ್ ಪ್ಲಗ್ ಇರುತ್ತವೆ. ಪ್ಲಗ್ ಬದಲಿಸೋದೇ ಒಂದು ದೊಡ್ಡ ಕೆಲಸ. ಸಾಲಾಗಿ ಆರು ಸಿಲಿಂಡರ್ ಇರುವ ಎಂಜಿನ್ ತಾನಾಗೇ ನುಣುಪಾಗಿ ಓಡುತ್ತದೆ, ಸುತ್ತ ಕೈ ಹಾಕಲು ಜಾಗವೂ ಇರುತ್ತದೆ. ನನ್ನದು ಅಂಥದ್ದು.

ಐದನೇ ಕಾರು ನನಗೆ ಸಿಕ್ಕಿತು. 17 ವರ್ಷದ್ದು, 1,42,000 ಕಿಲೋಮೀಟರ್ ಓಡಿತ್ತು. ಹೊರಗಿನಿಂದ ನೋಡಿದರೆ ಅಷ್ಟೇನೂ ಹೊಳಪಿರಲಿಲ್ಲ. ಬಂಪರಿನ ಮೇಲೆ ಗೀರು, ಡ್ರೈವರ್ ಸೀಟಿನ ಚರ್ಮದಲ್ಲಿ ಬಿರುಕು. ಆದರೆ ನಾಲ್ಕು ಟೈರೂ ಒಂದೇ ಕಂಪನಿಯವು, ಒಂದೇ ಮಾದರಿಯವು. ಬದಿಯಲ್ಲಿ ಡಿಒಟಿ ಅಂತ ಶುರುವಾಗುವ ಸಂಖ್ಯೆ ಇರುತ್ತದಲ್ಲ, ಅದರ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಆಮೇಲಿನೆರಡು ವರ್ಷ. ನಾಲ್ಕರಲ್ಲೂ ಅದು ಒಂದೇ ಇತ್ತು. ದೊಡ್ಡ ಕಾರಿಗೆ ನಾಲ್ಕು ಒಳ್ಳೇ ಟೈರು ಒಟ್ಟಿಗೆ ಹಾಕಿಸಿದವರು ಎಣ್ಣೆ ಬದಲಿಸೋಕೂ ಜಿಪುಣತನ ಮಾಡಿರುವುದಿಲ್ಲ. ಅದಕ್ಕೂ ಮೊದಲು ನೋಡಿದ್ದ ಒಂದು ಕಾರಿಗೆ ಹೊಸ ಪಾಲಿಶ್ ಇತ್ತು, ನಾಲ್ಕು ಟೈರು ನಾಲ್ಕು ಕಂಪನಿಯದ್ದು. ಮೇಲೆ ಥಳುಕು, ಒಳಗೆ ಹುಳುಕು.

ಓನರ್ ವಯಸ್ಸಾದವರು. ದಪ್ಪ ಫೈಲ್ ಒಂದನ್ನು ತಂದು ಮುಂದಿಟ್ಟರು. ಹನ್ನೊಂದು ವರ್ಷದ ಬಿಲ್ಲುಗಳು, ದಿನಾಂಕದ ಪ್ರಕಾರ ಜೋಡಿಸಿದ್ದರು. ಕಾರಿನಲ್ಲಿ ಏನು ಸರಿ ಇಲ್ಲ ಅಂತ ಕೇಳಿದಾಗ ತಡಮಾಡದೆ ಐದು ವಿಷಯ ಹೇಳಿದರು. "ತಣ್ಣಗಿರುವಾಗ ರಿವರ್ಸ್ ಹಾಕಿದರೆ ಜಗ್ಗುತ್ತದೆ, ಎರಡು ಸೆಕೆಂಡ್ ಬ್ರೇಕ್ ಹಿಡಿದುಕೊಳ್ಳಿ, ಆಮೇಲೆ ಬಿಡಿ" ಅಂತ ಅವರೇ ಕೂತು ತೋರಿಸಿದರು. ದೋಷವನ್ನು ತಾವಾಗಿಯೇ ಹೇಳುವವರ ಹತ್ತಿರ ಕೊಳ್ಳುವಾಗ ಮನಸ್ಸು ಹಗುರ ಇರುತ್ತದೆ.

ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ನನ್ನ ಸ್ಕ್ಯಾನರ್ ಹಾಕಿ ನೋಡಿದೆ. ದೋಷದ ಕೋಡ್ ಇಲ್ಲ ಅಂದರೆ ಸಾಲದು. ರೆಡಿನೆಸ್ ಮಾನಿಟರ್ ಅಂತ ಒಂದು ಪುಟ ಇರುತ್ತದೆ, ಅದನ್ನೂ ನೋಡಬೇಕು. ಯಾರಾದರೂ ನಿನ್ನೆ ಮೊನ್ನೆ ಕೋಡ್ ಅಳಿಸಿದ್ದರೆ ಕೆಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಮುಂತಾದವುಗಳ ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತ ತೋರಿಸುತ್ತದೆ. ಈ ಕಾರಿನಲ್ಲಿ ಎಲ್ಲವೂ ಮುಗಿದಿತ್ತು. ಅವತ್ತೇ ಮಾತು ಮುಗಿಸಿದೆ.

ಮೊದಲ ತಿಂಗಳು ಓಡಿಸಿದ್ದಕ್ಕಿಂತ ಗ್ಯಾರೇಜಿನಲ್ಲಿ ನಿಲ್ಲಿಸಿದ್ದೇ ಜಾಸ್ತಿ. ಎಂಜಿನ್ ಆಯಿಲ್, ಫಿಲ್ಟರ್, ಬ್ರೇಕ್ ಆಯಿಲ್, ಎಲ್ಲ ಬದಲಿಸಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಎಂಜಿನ್ ಕೂಲಿಂಗ್ ವಿಷಯದಲ್ಲಿ ನಾನು ಕಾಯಲಿಲ್ಲ. ಇಂಥ ಕಾರುಗಳಲ್ಲಿ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಟ್ಯಾಂಕು, ಥರ್ಮೋಸ್ಟಾಟಿನ ಕವಚ ಸಾಮಾನ್ಯವಾಗಿ ಪ್ಲಾಸ್ಟಿಕ್. ವರ್ಷಗಟ್ಟಲೆ ಬಿಸಿ ತಿಂದು ಬಿಸ್ಕತ್ತಿನ ಹಾಗೆ ಪುಡಿಯಾಗುವ ಸ್ಥಿತಿಗೆ ಬಂದಿರುತ್ತದೆ. ನನ್ನ ಟ್ಯಾಂಕಿನ ಜೋಡಣೆ ಗೆರೆಯಲ್ಲಿ ಬಿಳಿ ಉಪ್ಪಿನಂಥ ಕಲೆ ಕಂಡಿತು. ಕೂಲೆಂಟ್ ಒಸರಿ ಒಣಗಿದ ಗುರುತು ಅದು. ಟ್ಯಾಂಕು, ಹೋಸುಗಳು, ಥರ್ಮೋಸ್ಟಾಟ್, ವಾಟರ್ ಪಂಪ್ ಎಲ್ಲವನ್ನೂ ಒಂದೇ ಸಲ ಬದಲಿಸಿದೆ. ಎಂಜಿನ್ ಒಮ್ಮೆ ಕಾದು ಕೆಂಪಾದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗುತ್ತದೆ. ಆಗ ಆ ರಿಪೇರಿಯ ಬಿಲ್ಲು ಕಾರಿನ ಬೆಲೆಯನ್ನೇ ದಾಟಬಹುದು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಬೇಕು?

ಗೇರ್‌ಬಾಕ್ಸ್ ಆಯಿಲ್ ವಿಷಯದಲ್ಲಿ ಕಾರಿನ ಪುಸ್ತಕದಲ್ಲಿ "ಜೀವನಪೂರ್ತಿ ಬದಲಿಸಬೇಕಿಲ್ಲ" ಅಂತ ಇತ್ತು. ಯಾರ ಜೀವನ ಅನ್ನೋದು ಪ್ರಶ್ನೆ. ಎಷ್ಟೋ ದೊಡ್ಡ ಕಾರುಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನ ಒಳಗೆ ಬದಲಿಸಿ ಅಂತ ಹೇಳುತ್ತದೆ. ನಾನು ಬದಲಿಸಿದೆ. ಈ ಕೆಲಸದಲ್ಲಿ ಆಯಿಲ್ ಮಟ್ಟ ನೋಡುವ ರೀತಿ ಬಹಳ ಮುಖ್ಯ. ಎಂಜಿನ್ ಓಡುತ್ತಿರಬೇಕು, ಕಾರು ಸಮತಟ್ಟಾಗಿ ನಿಂತಿರಬೇಕು, ಆಯಿಲ್ಲಿನ ಬಿಸಿ ತಯಾರಕರು ಹೇಳಿದ ಮಿತಿಯೊಳಗಿರಬೇಕು. ನನ್ನದರಲ್ಲಿ ಅದು 30ರಿಂದ 50 ಡಿಗ್ರಿ. ಆಯಿಲ್ ಕಾದಂತೆ ಹಿಗ್ಗುತ್ತದೆ, ಹಾಗಾಗಿ ಜಾಸ್ತಿ ಬಿಸಿಯಲ್ಲಿ ನೋಡಿದರೆ ಕಡಿಮೆ ಹಾಕಿದಂತಾಗುತ್ತದೆ. ಬದಲಿಸಿದ ಮೇಲೆ ಆ ರಿವರ್ಸಿನ ಜಗ್ಗು ಮುಕ್ಕಾಲು ಪಾಲು ಹೋಯಿತು. ಆದರೆ ಗೇರ್ ಆಗಲೇ ಜಾರುತ್ತಿರುವ ಕಾರಿಗೆ ಬರೀ ಆಯಿಲ್ ಬದಲಿಸಿದರೆ ಸರಿಯಾಗುತ್ತದೆ ಅಂತ ನಂಬಬೇಡಿ.

ಇನ್ನು ನನ್ನನ್ನು ನಿಜವಾಗಿ ಕಾಡಿದ ವಿಷಯ. ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಹಳೇದು, ಬದಲಿಸಿದೆ. ಮೂರು ದಿನ ನಿಲ್ಲಿಸಿ ಕೀ ತಿರುಗಿಸಿದರೆ ಮತ್ತೆ ಟಕ್ ಟಕ್ ಅನ್ನುವ ಸದ್ದು ಮಾತ್ರ. ಒಬ್ಬ ಮೆಕ್ಯಾನಿಕ್, ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಗಿದೆ ಅಂದರು. ಎಂಜಿನ್ ಓಡುವಾಗ ಮೀಟರ್ ಇಟ್ಟು ನೋಡಿದೆ, 14.1 ವೋಲ್ಟ್ ಬರುತ್ತಿತ್ತು. ಆಲ್ಟರ್ನೇಟರ್ ಚೆನ್ನಾಗಿದೆ. ಹಾಗಾದರೆ ಕಾರು ನಿಂತಿರುವಾಗ ಯಾವುದೋ ಕರೆಂಟ್ ಕುಡಿಯುತ್ತಿದೆ.

ಒಂದು ರಾತ್ರಿ ಊಟ ಮುಗಿಸಿ ಟಾರ್ಚ್ ಹಿಡಿದು ಕೂತೆ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ ಮಧ್ಯೆ ಮಲ್ಟಿಮೀಟರ್ ಸೇರಿಸಿದೆ. ಬಾಗಿಲು ತೆರೆದಿಟ್ಟು, ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದೆ. ಬಾಗಿಲು ಹಾಕಿದೆ ಅಂತ ಕಾರು ತಿಳಿದುಕೊಳ್ಳಬೇಕು. ಆಮೇಲೆ ಕಾಯಬೇಕು. ಇಂಥ ಕಾರಿನ ಕಂಪ್ಯೂಟರ್‌ಗಳು ಒಂದೊಂದಾಗಿ ನಿದ್ದೆ ಹೋಗೋಕೆ ಅರ್ಧ ಗಂಟೆಗೂ ಮೇಲೆ ಹಿಡಿಯಬಹುದು. ಮೀಟರಿನಲ್ಲಿ ಅಂಕಿ ಮೆಟ್ಟಿಲು ಇಳಿದಂತೆ ಇಳಿಯಿತು. 0.6 ಆಂಪಿಯರ್‌ಗೆ ಬಂದು ನಿಂತುಬಿಟ್ಟಿತು. ಅದು 0.05ರ ಒಳಗೆ ಇರಬೇಕಿತ್ತು. 0.6 ಅಂದರೆ ದಿನಕ್ಕೆ 14 ಆಂಪಿಯರ್ ಅವರ್. 80ರ ಬ್ಯಾಟರಿ ಮೂರು ದಿನಕ್ಕೆ ಅರ್ಧಕ್ಕಿಂತ ಕೆಳಗೆ. ಲೆಕ್ಕ ಸರಿಯಾಗಿ ಕೂತಿತು.

ಫ್ಯೂಸ್ ಕಿತ್ತು ಕಿತ್ತು ನೋಡಬಾರದು. ಹಾಗೆ ಮಾಡಿದರೆ ಮಲಗಿದ ಕಂಪ್ಯೂಟರ್‌ಗಳು ಮತ್ತೆ ಎದ್ದುಬಿಡುತ್ತವೆ. ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತವೆ. ಇನ್ನೊಂದು ಮೀಟರನ್ನು ಮಿಲಿವೋಲ್ಟಿಗಿಟ್ಟು ಆ ಎರಡನ್ನು ಮುಟ್ಟಿಸಬೇಕು. ಸೊನ್ನೆ ಇದ್ದರೆ ಅಲ್ಲಿ ಕರೆಂಟ್ ಹರಿಯುತ್ತಿಲ್ಲ. ಮೂವತ್ತಕ್ಕೂ ಹೆಚ್ಚು ಫ್ಯೂಸ್ ನೋಡಿದ ಮೇಲೆ ಒಂದರಲ್ಲಿ ಅಂಕಿ ಎದ್ದಿತು. ಅದು ಬಾಗಿಲು, ಕಿಟಕಿ, ಲಾಕುಗಳನ್ನು ನೋಡಿಕೊಳ್ಳುವ ಕಂಪ್ಯೂಟರ್ ಪೆಟ್ಟಿಗೆಯದ್ದು. ಪೆಟ್ಟಿಗೆ ಇರುವುದು ಡ್ರೈವರ್ ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದ ಕಾರ್ಪೆಟ್ ಕೆಳಗೆ.

ಕಾರ್ಪೆಟ್ ಮೇಲೆ ಕೈಯಾಡಿಸಿದೆ, ಒಣಗಿತ್ತು. ಅಂಚು ಎತ್ತಿ ಕೆಳಗಿನ ಸ್ಪಂಜನ್ನು ಒತ್ತಿದೆ. ಬೆರಳುಗಳ ನಡುವೆ ನೀರು ಚಿಮ್ಮಿತು.

ಮಳೆ ನೀರು ಅದು. ಸನ್‌ರೂಫ್ ಪೂರ್ತಿ ನೀರು ತಡೆಯುವುದಿಲ್ಲ, ತಡೆಯಲೂಬೇಕಿಲ್ಲ. ಅಂಚಿನಲ್ಲಿ ಇಳಿದ ನೀರನ್ನು ಸುತ್ತ ಇರುವ ಕಾಲುವೆ ಹಿಡಿದು, ಮೂಲೆಗಳಲ್ಲಿರುವ ಸಣ್ಣ ಕೊಳವೆಗಳ ಮೂಲಕ ಕೆಳಗೆ ಬಿಡುತ್ತದೆ. ನನ್ನ ಕಾರಿನಲ್ಲಿ ಮುಂದಿನ ಒಂದು ಕೊಳವೆ ಧೂಳು, ಎಲೆಯ ಚೂರು ಸೇರಿ ಕಟ್ಟಿಕೊಂಡಿತ್ತು. ಗಾಳಿ ಹೊಡೆಯಲಿಲ್ಲ, ಜೋರು ಗಾಳಿಗೆ ಒಳಗೆ ಕೊಳವೆಯ ಜೋಡಣೆಯೇ ಕಳಚಿಕೊಂಡುಬಿಡಬಹುದು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ ಬಿಡಿಸಿದೆ. ಒಂದು ಲೋಟ ನೀರು ಹಾಕಿದರೆ ಚಕ್ರದ ಹಿಂದೆ ಸರಾಗವಾಗಿ ಬಂದು ಬಿತ್ತು. ಆ ಸದ್ದು ಕೇಳಿ ಹೊಟ್ಟೆ ತಣ್ಣಗಾಯಿತು.

ಪೆಟ್ಟಿಗೆಯ ಕನೆಕ್ಟರಿನಲ್ಲಿ ಎರಡು ಪಿನ್ನು ಹಸಿರುಗಟ್ಟಿದ್ದವು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಮೆತ್ತಗಿನ ಬ್ರಷ್‌ನಿಂದ ಉಜ್ಜಿದೆ. ಕಾರ್ಪೆಟ್ ಎತ್ತಿ ಫ್ಯಾನ್ ಇಟ್ಟು ಒಂಬತ್ತು ದಿನ ಒಣಗಿಸಿದೆ. ಮತ್ತೆ ಅಳೆದಾಗ 0.03. ಹೊಸ ಆಲ್ಟರ್ನೇಟರ್ ಬೇಕಾಗಲಿಲ್ಲ, ಹೊಸ ಪೆಟ್ಟಿಗೆಯೂ ಬೇಕಾಗಲಿಲ್ಲ. ಈಗ ಪ್ರತಿ ಮಳೆಗಾಲಕ್ಕೂ ಮುಂಚೆ ನಾಲ್ಕೂ ಮೂಲೆಗೆ ನೀರು ಹಾಕಿ ನೋಡುತ್ತೇನೆ. ವೈಪರ್ ಕೆಳಗಿನ ಎಲೆಗಳನ್ನೂ ತೆಗೆಯುತ್ತೇನೆ, ಅಲ್ಲಿಯ ಕಿಂಡಿ ಕಟ್ಟಿದರೂ ಇದೇ ಗತಿ.

ಬಿಡಿಭಾಗ ಕೊಳ್ಳುವಾಗ ದುಡ್ಡು ಉಳಿಸುವ ದಾರಿ ಒಂದಿದೆ. ಕಾರಿನ ಕಂಪನಿಗಳು ಎಲ್ಲವನ್ನೂ ತಾವೇ ಮಾಡುವುದಿಲ್ಲ ಅಲ್ವಾ? ಬಾಷ್, ಸ್ಯಾಕ್ಸ್, ಮಾಲೆ, ಲೆಮ್‌ಫೋರ್ಡರ್ ಅಂಥವರು ಮಾಡಿಕೊಡುತ್ತಾರೆ. ಎಷ್ಟೋ ಸಲ ಅದೇ ಭಾಗ ಅವರ ಸ್ವಂತ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಕಾರಿನ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಕೊಟ್ಟು ಸರಿಯಾದ ಪಾರ್ಟ್ ನಂಬರ್ ತಿಳಿದುಕೊಂಡು ಹುಡುಕಬೇಕು. ಒಂದೇ ಮಾಡೆಲ್ಲಿನಲ್ಲೂ ವರ್ಷದ ಮಧ್ಯೆ ಭಾಗ ಬದಲಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಭಾಗ ನಾನು ಕನ್ನಡಿ, ಸ್ವಿಚ್, ಮರದ ಪಟ್ಟಿಗೆ ಮಾತ್ರ ತರುತ್ತೇನೆ. ಬ್ರೇಕ್, ಸ್ಟೀರಿಂಗಿಗೆ ಸಂಬಂಧಪಟ್ಟದ್ದು ಹೊಸದೇ ಆಗಬೇಕು.

ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಸಸ್ಪೆನ್ಷನ್ ಕಂಟ್ರೋಲ್ ಆರ್ಮ್‌ಗಳನ್ನು ಎರಡನೇ ವರ್ಷ ಬದಲಿಸಿದೆ. ಅವುಗಳ ತುದಿಯ ರಬ್ಬರ್ ಬುಷ್‌ನ ಬೋಲ್ಟನ್ನು ಕಾರು ಜ್ಯಾಕ್ ಮೇಲೆ ನೇತಾಡುವಾಗ ಪೂರ್ತಿ ಬಿಗಿಯಬಾರದು. ಚಕ್ರದ ಮೇಲೆ ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೆಲಸ ಮಾಡುವವರ ಪಕ್ಕದಲ್ಲಿ ನಿಂತು ಇದೊಂದನ್ನು ಕೇಳಿ ಮಾಡಿಸಿದೆ.

ಮೊದಲ ವರ್ಷ ಬೇರೆ ಇಟ್ಟಿದ್ದ ದುಡ್ಡಿನಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತು. ಎರಡನೇ ವರ್ಷ ಅದರ ಅರ್ಧಕ್ಕಿಂತ ಕಡಿಮೆ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ: ದಿನಾಂಕ, ಕಿಲೋಮೀಟರ್, ಏನು ಮಾಡಿದೆ, ಯಾವ ಪಾರ್ಟ್ ನಂಬರ್. ಹಿಂದಿನ ಓನರ್ ಕೊಟ್ಟ ಫೈಲಿನ ಪಕ್ಕದಲ್ಲೇ ಅದೂ ಇದೆ. ಸೀಟಿನ ಬಿರುಕು ಹಾಗೇ ಇದೆ, ಬಂಪರಿನ ಗೀರೂ ಇದೆ. ಅವು ಕಾರನ್ನು ದಾರಿಯಲ್ಲಿ ನಿಲ್ಲಿಸುವುದಿಲ್ಲ.

ದೂರದ ಪ್ರಯಾಣದಲ್ಲಿ ಅದರ ಗುಣ ಗೊತ್ತಾಗುತ್ತದೆ. ಐದು ಗಂಟೆ ಓಡಿಸಿ ಇಳಿದರೂ ಬೆನ್ನು ನೋಯುವುದಿಲ್ಲ. ಹಿಂದೆ ಕೂತ ಅಮ್ಮ ಪಿಸುಮಾತಿನಲ್ಲಿ ಏನಾದರೂ ಹೇಳಿದರೂ ಮುಂದೆ ಕೇಳಿಸುತ್ತದೆ. ಆ ನಿಶ್ಶಬ್ದಕ್ಕಾಗಿಯೇ ನಾನು ಈ ಕಾರು ಕೊಂಡದ್ದು.

ಈಚೆಗೆ 90ರ ವೇಗ ದಾಟಿದರೆ ಎಡಗಡೆ ಹಿಂದಿನ ಬಾಗಿಲಿನಲ್ಲಿ ಸಣ್ಣ ಸಿಳ್ಳೆ ಕೇಳುತ್ತಿದೆ. ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಸುತ್ತಲೂ ಎಳೆದು ನೋಡಿದೆ. ಮೇಲಿನ ಮೂಲೆಯಲ್ಲಿ ಮಾತ್ರ ಸಲೀಸಾಗಿ ಜಾರಿ ಬಂತು. ರಬ್ಬರ್ ಬೀಡಿಂಗ್ ಗಟ್ಟಿಯಾಗಿದೆ. ಹೊಸದು ನಿನ್ನೆ ಬಂದಿದೆ, ಸುತ್ತಿ ಬಂದ ಮಡಿಕೆ ಹೋಗಲಿ ಅಂತ ಬಿಸಿಲಿನಲ್ಲಿ ಹರಡಿಟ್ಟಿದ್ದೇನೆ. ಭಾನುವಾರ ಹಾಕುತ್ತೇನೆ.