ಎನ್‌ಪಿಟಿಇಎಲ್ ಕೋರ್ಸನ್ನು ಅರ್ಧಕ್ಕೇ ಬಿಡದೆ ಮುಗಿಸುವುದು ಹೇಗೆ

ಎನ್‌ಪಿಟಿಇಎಲ್ ಅಂದರೆ ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಪಾಠಗಳ ಯೋಜನೆ. ಇದರ ಕೋರ್ಸುಗಳು ನಡೆಯುವ ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಕೋರ್ಸಿಗೆ ಸೇರಲು ದುಡ್ಡು ಬೇಡ, ಐದು ನಿಮಿಷ ಸಾಕು. ಕಷ್ಟ ಶುರುವಾಗುವುದು ಕಾಲೇಜಿನ ಮೊದಲ ಇಂಟರ್ನಲ್ಸ್ ಹೊತ್ತಿಗೆ. ಒಂದು ವಾರ ತಪ್ಪುತ್ತದೆ, ಬಾಕಿ ನೋಡಿ ಹೆದರಿ ಮತ್ತೆ ಲಾಗಿನ್ ಆಗುವುದೇ ಇಲ್ಲ. ಛಲ ಬೇಕಿರುವುದು ದಿನಕ್ಕೆ ಆರು ಗಂಟೆ ಕೂರಲು ಅಲ್ಲ, ತಪ್ಪಿದ ಮೇಲೆ ಮರಳಿ ಬರಲು.

12 ವಾರದ ಕೋರ್ಸಿನಲ್ಲಿ ವಾರಕ್ಕೆ ಸುಮಾರು ಎರಡೂವರೆ ಗಂಟೆ ವಿಡಿಯೋ ಇರುತ್ತದೆ. ನೋಟ್ಸ್, ಲೆಕ್ಕ ಸೇರಿ ಐದು ಗಂಟೆ ಎತ್ತಿಡಿ: ಸೋಮವಾರದಿಂದ ಶುಕ್ರವಾರ 50 ನಿಮಿಷ, ಶನಿವಾರ ಅಸೈನ್‌ಮೆಂಟ್. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವವರು ವಿಡಿಯೋಗಳನ್ನು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಕೊಳ್ಳಿ. ಆದರೆ ಹೊಸ ಪಾಠಕ್ಕೆ ರೈಲು ಸರಿಯಲ್ಲ. ನಿಂತುಕೊಂಡು ಡಿರೈವೇಶನ್ ತಲೆಗೆ ಹತ್ತುವುದಿಲ್ಲ. ನೋಡಿದ್ದನ್ನು ನೆನಪಿಸಿಕೊಳ್ಳಲು ಆ ಹೊತ್ತು ಇಟ್ಟುಕೊಳ್ಳಿ.

ಹತ್ತು ನಿಮಿಷಕ್ಕೊಮ್ಮೆ ವಿಡಿಯೋ ನಿಲ್ಲಿಸಿ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ, ಏನನ್ನೂ ನೋಡದೆ, ಕೇಳಿದ್ದನ್ನು ನಾಲ್ಕು ಸಾಲು ಬರೆಯಿರಿ. ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿ. ಮರುದಿನ ಕೆಂಪು ಸಾಲುಗಳನ್ನಷ್ಟೇ ಓದಿದರೂ ಆದೀತು. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಓದಿದವರು ಮುಂದಿದ್ದರು; ಒಂದು ವಾರ ಕಳೆದಾಗ ನೆನಪಿನಿಂದ ಬರೆದವರೇ ಮುಂದೆ. ವಿಡಿಯೋ ನೋಡುವಾಗ ಎಲ್ಲ ಗೊತ್ತಾದ ಹಾಗೆ ಅನಿಸುವುದನ್ನು ನಂಬಬೇಡಿ.

ಅಸೈನ್‌ಮೆಂಟನ್ನು ಮೊದಲ ಸಲ ಯಾರ ನೆರವೂ ಇಲ್ಲದೆ ಮಾಡಿ. ಗಡುವಿನೊಳಗೆ ಎಷ್ಟು ಸಲ ಬೇಕಾದರೂ ತಿದ್ದಿ ಸಲ್ಲಿಸಬಹುದು, ಕೊನೆಯದಕ್ಕೇ ಅಂಕ. ವಾಟ್ಸ್ಆ್ಯಪ್ ಗುಂಪಿನ ಉತ್ತರ ಹಾಕಿದರೆ 25 ಅಂಕ ಸಿಕ್ಕೀತು, ಉಳಿದ 75 ಪರೀಕ್ಷಾ ಕೇಂದ್ರದಲ್ಲಿ ಒಬ್ಬರೇ ಕೂತು ಬರೆಯಬೇಕಾದದ್ದು.

ಎರಡು ವಾರ ತಪ್ಪಿತೇ? 12ರಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ, ಹಾಗಾಗಿ ಮುಳುಗಿಹೋಗಿಲ್ಲ. ಈ ವಾರದ ಪಾಠ ಮೊದಲು ಮಾಡಿ, ಹಳೆಯದನ್ನು ಭಾನುವಾರಕ್ಕೆ ಹಂಚಿ. ಗಣಿತದಂತೆ ಒಂದರ ಮೇಲೊಂದು ನಿಲ್ಲುವ ವಿಷಯವಾದರೆ ಮಾತ್ರ ಹಿಂದಿನ ವಾರ ನೋಡಿಯೇ ಮುಂದೆ ಹೋಗಿ.

ಭಾನುವಾರ ಮೂರು ಕಾಲಂ ಬರೆಯಿರಿ: ಅಂದುಕೊಂಡದ್ದು, ಆದದ್ದು, ಯಾಕೆ. ‘ನಿದ್ದೆ ಬಂತು’ ಅಂತ ಮೂರು ಸಲ ಬಂದರೆ ನಿಮ್ಮನ್ನು ಬೈದುಕೊಳ್ಳಬೇಡಿ, ಓದನ್ನು ಬೆಳಗಿನ ಹೊತ್ತಿಗೆ ಬದಲಿಸಿ.

ಪರೀಕ್ಷೆಗೆ ಪ್ರತ್ಯೇಕ ನೋಂದಣಿಯಿದೆ, ಶುಲ್ಕವೂ ಇದೆ. ಅದರ ಕೊನೇ ದಿನಾಂಕ ಕೋರ್ಸಿನ ನಡುವೆಯೇ ಬರುವುದರಿಂದ ಸೇರಿದ ದಿನವೇ ಫೋನಿನಲ್ಲಿ ರಿಮೈಂಡರ್ ಹಾಕಿಕೊಳ್ಳಿ.