ಮಾವನ ಜೇನುಪೆಟ್ಟಿಗೆ, ನನ್ನ ಹೆದರಿಕೆ

ಏಳು ವರ್ಷದವಳಿದ್ದಾಗ ಸೀಬೆ ಗಿಡ ಅಲ್ಲಾಡಿಸಿ ಕಣಜದ ಗೂಡು ಕೆಡಿಸಿದ್ದೆ. ಎರಡು ಸಲ ಕೈಗೆ, ಒಂದು ಸಲ ರೆಪ್ಪೆಗೆ ಕುಟುಕಿತು. ಕೈಗೇನೋ ಅಜ್ಜಿ ಸುಣ್ಣ ಹಚ್ಚಿದರು, ಕಣ್ಣಿಗೆ ಹಚ್ಚೋಕಾಗಲ್ಲ ಅಲ್ವಾ? ಎರಡು ದಿನ ಒಂದೇ ಕಣ್ಣಲ್ಲಿ ಶಾಲೆಗೆ ಹೋದೆ. ಅಲ್ಲಿಂದ ಮುಂದೆ ಗುಂಯ್ ಅನ್ನುವುದೆಲ್ಲ ನನ್ನ ಶತ್ರು. ಬೆಂಗಳೂರಿನಲ್ಲಿ ಕಬ್ಬಿನ ಹಾಲಿನ ಅಂಗಡಿ ಕಂಡರೆ ರಸ್ತೆ ದಾಟುತ್ತಿದ್ದೆ. ಬಸ್ಸಿನೊಳಗೆ ಜೇನು ಬಂತೆಂದು ಇಳಿದು ಎರಡು ಸ್ಟಾಪ್ ನಡೆದಿದ್ದೂ ಇದೆ.

ಇಂಥವಳು ಮದುವೆಯಾಗಿ ಬಂದದ್ದು ಶಿರಸಿ ಹತ್ತಿರದ ತೋಟದ ಮನೆಗೆ. ಅಂಗಳದಾಚೆ ಮಾವನ ಆರು ತುಡುವೆ ಜೇನಿನ ಪೆಟ್ಟಿಗೆ! ಹನ್ನೊಂದು ವರ್ಷ ಆ ದಾರಿಯನ್ನೇ ಬಿಟ್ಟಿದ್ದೆ. ಆಮೇಲೆ ಮಾವನ ಕಣ್ಣು ಮಂಜಾಯಿತು. ಎರಿಯಲ್ಲಿ, ಅಂದರೆ ಜೇನು ಕಟ್ಟುವ ಮೇಣದ ಗೂಡಿನಲ್ಲಿ, ಮೊಟ್ಟೆ ಇದೆಯಾ ಇಲ್ಲವಾ ಅವರಿಗೆ ಕಾಣುತ್ತಿರಲಿಲ್ಲ. ನನ್ನ ಗಂಡ ಇರುವುದು ವಾರಕ್ಕೊಂದು ದಿನ.

ಮೊದಲು ಕೊಟ್ಟಿಗೆ ಗೋಡೆಯ ಮಿಸರಿ ಜೇನಿನ ಹತ್ತಿರ ಕೂತೆ. ಅದಕ್ಕೆ ಚುಚ್ಚುವ ಮುಳ್ಳೇ ಇಲ್ಲ. ಆಮೇಲೆ ತುಡುವೆ ಪೆಟ್ಟಿಗೆಯಿಂದ ಹತ್ತು ಹೆಜ್ಜೆ ದೂರ ಕುರ್ಚಿ ಹಾಕಿಕೊಂಡು ಬೆಳಗಿನ ಚಾ ಕುಡಿಯುವುದು. ಎದೆ ಹೊಡೆದುಕೊಳ್ಳುವುದು ನಿಂತ ಮೇಲೇ ಒಂದು ಹೆಜ್ಜೆ ಮುಂದೆ, ಅದೂ ಬಾಗಿಲಿನ ಎದುರಿಗಲ್ಲ, ಪಕ್ಕಕ್ಕೆ. ಹಾರುವ ದಾರಿಗೆ ಅಡ್ಡ ಕೂತರೆ ಯಾರಿಗೇ ಆದರೂ ಸಿಟ್ಟು ಬರುತ್ತದೆ. ಪೆಟ್ಟಿಗೆ ಪಕ್ಕ ತಲುಪಲು ಎರಡು ತಿಂಗಳು ಹಿಡಿಯಿತು. ಕಾಲಲ್ಲಿ ಪರಾಗ ಕಟ್ಟಿಕೊಂಡು ಬರುವವರನ್ನು ಎಣಿಸುತ್ತ ಕೂತರೆ ಹೆದರಲು ಪುರುಸೊತ್ತು ಸಿಗುತ್ತಿರಲಿಲ್ಲ.

ಒಂದು ದಿನ ಮಾವ, “ಕೈ ಹಿಡಿ ಕೂಸೇ,” ಎಂದು ದಪ್ಪ ಕಪ್ಪು ಹುಳವೊಂದನ್ನು ಅಂಗೈಗೆ ಬಿಟ್ಟರು. ಕಿರುಚಿಯೇಬಿಟ್ಟೆ. “ಗಂಡು ಅದು. ಮುಳ್ಳು ಇರೋದು ಹೆಣ್ಣಿಗೆ ಮಾತ್ರ.” ದೊಡ್ಡ ಕಣ್ಣಿನ ಆ ಸೋಮಾರಿ ನನ್ನ ಬೆರಳ ಮೇಲೆ ನಡೆದು ಹಾರಿಹೋಯಿತು. ಕೈ ನಡುಗುತ್ತಿತ್ತು, ಆದರೂ ಇನ್ನೊಂದು ಕೊಡಿ ಅಂದೆ.

ಪೆಟ್ಟಿಗೆ ತೆರೆಯುವಾಗ ತಿಳಿ ಬಣ್ಣದ ಬಟ್ಟೆ, ಮುಖಕ್ಕೆ ಬಲೆ. ಪೌಡರ್, ಸೆಂಟು ಏನೂ ಇಲ್ಲ. ಬಿಸಿಲು ಚೆನ್ನಾಗಿರುವ ಹೊತ್ತು, ತೆಂಗಿನ ನಾರಿನ ಸ್ವಲ್ಪ ಹೊಗೆ. ಎರಿಯ ಮೇಲೆ ಉಸಿರು ಬಿಡಬಾರದು. ಕೈ ನಿಧಾನ.

ಇಷ್ಟಾದರೂ ಮೂರನೇ ಸಲಕ್ಕೆ ಕುಟುಕಿತು, ಉಂಗುರ ಬೆರಳಿಗೆ. ಜೇನು ಹೋದರೂ ಮುಳ್ಳು ಅಲ್ಲೇ ಉಳಿದು ವಿಷ ಒತ್ತುತ್ತಿರುತ್ತದೆ, ಹಾಗಾಗಿ ತಕ್ಷಣ ಉಗುರಲ್ಲಿ ಕೆರೆದು ತೆಗೆದೆ. ಬಾಳೆಹಣ್ಣಿನ ವಾಸನೆ ಮೂಗಿಗೆ ಹೊಡೆಯಿತು. ಉಳಿದ ಜೇನುಗಳಿಗೆ ಅದು ‘ಬನ್ನಿ, ಇಲ್ಲೇ ಹೊಡೀರಿ’ ಅನ್ನುವ ಕರೆಯಂತೆ. ಮಾವ ಕೈಗೆ ಹೊಗೆ ಹಾಕಿ ನನ್ನನ್ನು ಹಿಂದೆ ಎಳೆದರು. ಬೆರಳು ಬದನೆಕಾಯಿಯಾಯಿತು. ಆದರೆ ಮೂವತ್ತಾರು ವರ್ಷ ಕಾದಿದ್ದ ಆ ಭಯಂಕರ ನೋವು ಇಷ್ಟೇನಾ? ಸಂಜೆ ಆ ಕೈಯಲ್ಲೇ ದೋಸೆ ಹೊಯ್ದೆ. ನಿಜ ಹೇಳಬೇಕೆಂದರೆ ಸ್ವಲ್ಪ ಮೋಸ ಹೋದ ಹಾಗಾಯಿತು.

ಇದು ಎಲ್ಲರಿಗೂ ಆಗುವ ದಾರಿಯಲ್ಲ. ಹಿಂದೆ ಜೇನು ಕುಟುಕಿ ಉಸಿರು ಕಟ್ಟಿದವರು, ಮೈಯೆಲ್ಲ ದದ್ದೆದ್ದವರು ಡಾಕ್ಟರನ್ನು ಕೇಳದೆ ಪೆಟ್ಟಿಗೆ ಹತ್ತಿರ ಹೋಗಬೇಡಿ. ಹಾಗಾದಾಗ ಸುಣ್ಣ, ಅರಿಶಿನ ಹುಡುಕುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ಹೆಜ್ಜೇನಿನ ಹತ್ತಿರವಂತೂ ಯಾರೂ ಧೈರ್ಯ ತೋರಿಸೋದು ಬೇಡ. ಅವು ಗುಂಪಾಗಿ ಅಟ್ಟಿಸಿಕೊಂಡು ಬರುತ್ತವೆ. ಆ ಹೆದರಿಕೆಯನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಕಣಜದ ಕತೆ ಬೇರೆ. ಅದರ ಮುಳ್ಳು ನಮ್ಮ ಚರ್ಮದಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಮತ್ತೆ ಮತ್ತೆ ಕುಟುಕಬಲ್ಲದು. ಹೋದ ವಾರ ಬಚ್ಚಲ ಕಿಟಕಿಯಲ್ಲಿ ಗೂಡು ಕಟ್ಟಿವೆ. ಮೊದಲಾಗಿದ್ದರೆ ತವರಿಗೇ ಹೊರಡುತ್ತಿದ್ದೆ. ಈಗ ಬಾಗಿಲ ಸಂದಿಯಿಂದ ಎಣಿಸಿದೆ, ಒಂಬತ್ತಿವೆ. ಸ್ನಾನ ಮಾತ್ರ ಹಿತ್ತಲಿನ ಹಳೇ ಬಚ್ಚಲಲ್ಲಿ.