ಕಿರಣಪುಂಜದ ದಿಕ್ಕು ಬದಲಿಸಬಲ್ಲ ಮಸೂರ ಆಂಟೆನಾ: 28 ಗಿಗಾಹರ್ಟ್ಸ್‌ಗಾಗಿ ವಿನ್ಯಾಸಗೊಳಿಸುವ ಕ್ರಮ

28 ಗಿಗಾಹರ್ಟ್ಸ್ ಅಲೆಯ ತರಂಗದೂರ ಸುಮಾರು 10.7 ಮಿಲಿಮೀಟರ್. ತೆರೆದ ಬಯಲಿನಲ್ಲಿ 100 ಮೀಟರ್ ಸಾಗುವಷ್ಟರಲ್ಲಿ ಸಂಕೇತವು 101 ಡೆಸಿಬೆಲ್‌ನಷ್ಟು ಕುಗ್ಗುವುದರಿಂದ ಶಕ್ತಿಯನ್ನು ಕಿರಿದಾದ ಕಿರಣಪುಂಜವಾಗಿ ಕೂಡಿಸಿ ಕಳುಹಿಸಬೇಕು, ಗ್ರಾಹಕ ಚಲಿಸಿದಂತೆ ಅದನ್ನು ತಿರುಗಿಸಲೂ ಬೇಕು. ಹಲವು ಚಿಕ್ಕ ಆಂಟೆನಾಗಳನ್ನು ಜೋಡಿಸಿ ಮಾಡಿದ ಫೇಸ್ಡ್ ಅರೇಯಲ್ಲಿ ಈ ಕೆಲಸಕ್ಕೆ ಪ್ರತಿ ಆಂಟೆನಾದ ಹಿಂದೆಯೂ ಅಲೆಯ ಹಂತವನ್ನು (ಫೇಸ್) ಸರಿಸುವ ಒಂದು ಫೇಸ್ ಶಿಫ್ಟರ್ ಬೇಕಾಗುತ್ತದೆ. ಮಸೂರ ಆಂಟೆನಾದಲ್ಲಿ ಒಂದೇ ಮಸೂರದ ಹಿಂದೆ ಅದರತ್ತ ಅಲೆಯನ್ನು ಸೂಸುವ ಹಲವು ಚಿಕ್ಕ ಆಂಟೆನಾಗಳು, ಅಂದರೆ ಫೀಡ್‌ಗಳು ಇದ್ದು, ಯಾವ ಫೀಡ್‌ಗೆ ಸ್ವಿಚ್ ಮೂಲಕ ಸಂಪರ್ಕ ಕೊಡುತ್ತೇವೆಯೋ ಅದರ ಸ್ಥಾನವೇ ದಿಕ್ಕನ್ನು ನಿರ್ಧರಿಸುತ್ತದೆ.

ಮೊದಲು ವ್ಯಾಸವನ್ನು ನಿಶ್ಚಯಿಸಿಕೊಳ್ಳಿ. ತರಂಗದೂರವನ್ನು ವ್ಯಾಸದಿಂದ ಭಾಗಿಸಿ 70ರಿಂದ ಗುಣಿಸಿದರೆ ಕಿರಣಪುಂಜದ ಅಗಲ ಡಿಗ್ರಿಗಳಲ್ಲಿ ಅಂದಾಜಾಗಿ ಸಿಗುತ್ತದೆ. 10 ಸೆಂಟಿಮೀಟರ್ ಮಸೂರಕ್ಕೆ ಅದು 7.5 ಡಿಗ್ರಿ, ದಕ್ಷತೆ ಶೇಕಡಾ 60 ಎಂದುಕೊಂಡರೆ ಗೇನ್ (ಎಲ್ಲ ದಿಕ್ಕಿಗೂ ಸಮನಾಗಿ ಸೂಸುವ ಆಂಟೆನಾಗೆ ಹೋಲಿಸಿದರೆ ಆ ದಿಕ್ಕಿನಲ್ಲಿ ಸಿಗುವ ಹೆಚ್ಚಳ) ಸುಮಾರು 27 ಡೆಸಿಬೆಲ್. 45 ಡಿಗ್ರಿ ವ್ಯಾಪ್ತಿಗೆ ಆರು ಫೀಡ್‌ಗಳು ಸಾಕು.

ಮಸೂರಕ್ಕೆ ಪಾಲಿಎಥಿಲೀನ್ ಒಳ್ಳೆಯ ಆಯ್ಕೆ. ಅದರ ವಕ್ರೀಭವನ ಸೂಚ್ಯಂಕ ಸುಮಾರು 1.52. ಫೀಡ್‌ನ ಕಡೆಗೆ ಹೈಪರ್‌ಬೋಲಾ ಆಕಾರದ ಉಬ್ಬು ಮುಖವನ್ನೂ ಹೊರಗಡೆಗೆ ಸಮತಟ್ಟಾದ ಮುಖವನ್ನೂ ಇರಿಸಿ. ಫೀಡ್‌ನಿಂದ ಮಸೂರದ ಅಂಚಿಗಿರುವ ದೂರವು, ಸಂಗಮದೂರಕ್ಕೆ (ಫೀಡ್‌ನಿಂದ ಉಬ್ಬು ಮುಖದ ನಡುವಿಗಿರುವ ದೂರ) ನಡುವಿನ ದಪ್ಪದ 1.52 ಪಟ್ಟನ್ನು ಕೂಡಿಸಿದಷ್ಟೇ ಇರಬೇಕೆಂಬುದು ನಿಯಮ. ಸಂಗಮದೂರವೂ 10 ಸೆಂಟಿಮೀಟರ್ ಇದ್ದಲ್ಲಿ ದಪ್ಪ 19 ಮಿಲಿಮೀಟರ್ ಆಗುತ್ತದೆ. ಕೆತ್ತನೆಯಲ್ಲಿ 1 ಮಿಲಿಮೀಟರ್ ತಪ್ಪಿದರೆ ಆ ಜಾಗದಲ್ಲಿ ಅಲೆಯ ಹಂತ 17 ಡಿಗ್ರಿ ಮಾತ್ರ ಸರಿಯುವುದರಿಂದ ಸಾಮಾನ್ಯ ಲೇತ್ ಸಾಕು.

ನಿಜವಾದ ಇಕ್ಕಟ್ಟು ಎದುರಾಗುವುದು ಫೀಡ್‌ಗಳನ್ನು ಜೋಡಿಸುವಾಗ. ಪಕ್ಕಪಕ್ಕದ ಕಿರಣಪುಂಜಗಳು 3 ಡೆಸಿಬೆಲ್ ಮಟ್ಟದಲ್ಲಿ, ಅಂದರೆ ಶಕ್ತಿ ಗರಿಷ್ಠದ ಅರ್ಧಕ್ಕಿಳಿಯುವಲ್ಲಿ, ಸಂಧಿಸಬೇಕಾದರೆ ಫೀಡ್‌ಗಳ ನಡುವೆ ಸುಮಾರು 13 ಮಿಲಿಮೀಟರ್ ಅಂತರವಿರಬೇಕು. ಆದರೆ ಮಸೂರದಾಚೆ ಶಕ್ತಿ ಚೆಲ್ಲದಂತೆ ಬೆಳಗುವ ಹಾರ್ನ್‌ನ (ಕಹಳೆಯಾಕಾರದ ಫೀಡ್) ಬಾಯಿಯೂ ಹೆಚ್ಚುಕಡಿಮೆ ಅಷ್ಟೇ ಅಗಲ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಚಿಕ್ಕ ಫೀಡ್ ಹಾಕಿದರೆ ಶಕ್ತಿ ಅಂಚಿನಾಚೆ ಪೋಲಾಗುತ್ತದೆ. ದೊಡ್ಡದನ್ನು ಹಾಕಿದರೆ ಕಿರಣಪುಂಜಗಳ ನಡುವೆ ಕುಳಿಗಳು ಬೀಳುತ್ತವೆ. ಚಲಿಸುವ ಗ್ರಾಹಕನಿದ್ದಲ್ಲಿ ಸ್ವಲ್ಪ ಪೋಲನ್ನು ಒಪ್ಪಿಕೊಂಡು ಕುಳಿಯನ್ನು ತಪ್ಪಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ಫೀಡ್‌ಗಳನ್ನು ನೇರ ಗೆರೆಯ ಬದಲು ಕಮಾನಿನಂತೆ ಜೋಡಿಸಿ, ಪ್ರತಿಯೊಂದನ್ನೂ ಮಸೂರದ ನಡುವಿಗೆ ಮುಖಮಾಡಿಸಿ. ವ್ಯಾಪ್ತಿ ಇನ್ನೂ ಬಹಳ ಹೆಚ್ಚಬೇಕಿದ್ದರೆ, ಒಳಗಿನಿಂದ ಹೊರಕ್ಕೆ ಪರ್ಮಿಟಿವಿಟಿ (ಇಂಥ ವಸ್ತುಗಳಲ್ಲಿ ವಕ್ರೀಭವನ ಸೂಚ್ಯಂಕದ ವರ್ಗ) 2ರಿಂದ 1ಕ್ಕೆ ಇಳಿಯುವ ಲೂನೆಬರ್ಗ್ ಗೋಳ ಉತ್ತರವಾದೀತು, ಆದರೆ ಅದನ್ನು ತಯಾರಿಸುವುದು ಸುಲಭವಲ್ಲ.

ಸಮತಟ್ಟಾದ ಮುಖದಿಂದ ಶೇಕಡಾ 4ರಷ್ಟು ಶಕ್ತಿ ಪ್ರತಿಫಲಿಸುತ್ತದೆ. ಇದು ಅಲ್ಪವೆಂದು ಕಡೆಗಣಿಸಬಾರದು, ಏಕೆಂದರೆ ಈ ಶಕ್ತಿ ಚದುರಿಹೋಗದೆ ಮತ್ತೆ ಸಂಗಮಕ್ಕೇ ಬಂದು, ಒಂದು ಬದಿಯ ಫೀಡ್ ಕಳುಹಿಸಿದ್ದು ಎದುರು ಬದಿಯ ಫೀಡ್‌ನೊಳಗೆ ಇಳಿಯುತ್ತದೆ. ಪರ್ಮಿಟಿವಿಟಿ 1.5ರ ಆಸುಪಾಸಿನಲ್ಲಿರುವ ವಸ್ತುವಿನ 2.2 ಮಿಲಿಮೀಟರ್ ಪದರವನ್ನು ಆ ಮುಖಕ್ಕೆ ಅಂಟಿಸಿದರೆ ಪ್ರತಿಫಲನ ಬಹುಪಾಲು ಅಡಗುತ್ತದೆ.

ಆರು ಫೀಡ್‌ಗಳಿಗೆ ಒಂದು ದಾರಿಯನ್ನು ಎರಡರಲ್ಲೊಂದಕ್ಕೆ ಜೋಡಿಸುವ ಸ್ವಿಚ್‌ಗಳನ್ನು ಮೂರು ಹಂತಗಳಲ್ಲಿ ಕವಲೊಡೆಸಬೇಕು. ಹಂತವೊಂದಕ್ಕೆ 1.5 ಡೆಸಿಬೆಲ್ ನಷ್ಟವೆಂದು ಹಿಡಿದರೂ ಒಟ್ಟು 4.5 ಡೆಸಿಬೆಲ್ ಆಯಿತು, ಅಂದರೆ ಸುಮಾರು ಮೂರರಲ್ಲಿ ಎರಡು ಪಾಲು ಶಕ್ತಿ ಸ್ವಿಚ್‌ಗಳಲ್ಲೇ ಕರಗಿತು. ಮಸೂರದ ದಕ್ಷತೆಗಾಗಿ ಹೆಣಗಾಡಿದವರೂ ಈ ಲೆಕ್ಕವನ್ನು ಮರೆಯುವುದುಂಟು. ವೆಚ್ಚ ಹೆಚ್ಚಾದರೂ ಪ್ರತಿ ಫೀಡ್‌ಗೆ ಪ್ರತ್ಯೇಕ ಆಂಪ್ಲಿಫೈಯರ್ ಇರಿಸಿ, ಸ್ವಿಚ್‌ಗಳನ್ನು ಅದರ ಹಿಂದಕ್ಕೆ ತಳ್ಳುವುದು ಒಳಿತು.

ಅಳತೆಯ ವೇಳೆ ಮಸೂರಕ್ಕೂ ಅಳೆಯುವ ಆಂಟೆನಾಗೂ ನಡುವೆ ಕನಿಷ್ಠ 1.9 ಮೀಟರ್ ದೂರವಿರಲಿ. ಗೇನ್ ಎಲ್ಲ ಫೀಡ್‌ಗಳಲ್ಲೂ ಒಂದೇ ಸಮನೆ ಕಡಿಮೆ ಬಂದರೆ ಪೋಲು ಅಥವಾ ಸ್ವಿಚ್ ನಷ್ಟವನ್ನು ಶಂಕಿಸಿ; ಹೊರಗಿನ ಫೀಡ್‌ಗಳಲ್ಲಿ ಮಾತ್ರ ಪಾರ್ಶ್ವದ ಹಾಲೆಯೊಂದು (ಮುಖ್ಯ ಕಿರಣಪುಂಜದ ಪಕ್ಕದಲ್ಲಿ ಏಳುವ ಚಿಕ್ಕ ಪುಂಜ) ಎದ್ದರೆ ಕಮಾನಿನ ಬಾಗನ್ನು ತಿದ್ದಿ. ಪ್ರತಿ ಫೀಡ್‌ನ ನಿಜವಾದ ದಿಕ್ಕನ್ನು ಅಳೆದು ನಿಯಂತ್ರಣ ತಂತ್ರಾಂಶದಲ್ಲಿ ಪಟ್ಟಿಯಾಗಿ ಇರಿಸಿಕೊಳ್ಳಿ. ಸಂಪರ್ಕ ಆರಂಭಿಸುವಾಗ ಆರನ್ನೂ ಪರೀಕ್ಷಿಸಿ, ಅನಂತರ ಸದ್ಯದ ಕಿರಣಪುಂಜ ಮತ್ತು ಅದರ ಎರಡು ನೆರೆಗಳನ್ನಷ್ಟೇ ನೋಡುತ್ತಿದ್ದು, ಯಾರಾದರೂ ಅಡ್ಡ ಬಂದು ಸಂಕೇತ ಒಮ್ಮೆಲೇ ಕುಸಿದಾಗ ಮಾತ್ರ ಮತ್ತೆ ಎಲ್ಲವನ್ನೂ ಹುಡುಕುವಂತೆ ತಂತ್ರಾಂಶವನ್ನು ಬರೆಯಿರಿ.